ಐಸ್ ಅಂಗಳದಲ್ಲಿ ಕಿವಿಗೆ ಬಿದ್ದ ಮಾತು

ನ್ಯೂಜೆರ್ಸಿಯ ಮನ್ರೋದಲ್ಲಿ ಗೆಳೆಯರ ಮನೆಯ ಮದುವೆ ಊಟಕ್ಕೆ ಹೋಗಿದ್ದಾಗ, ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. "ಅಂಕಲ್, ನೀವು ಟಿವಿ ಸ್ಪೋರ್ಟ್ಸ್‌ನಲ್ಲಿ ಸೌಂಡ್ ಮಾಡ್ತಿದ್ರಂತೆ. ನಾನೂ ಅದಕ್ಕೇ ಅಪ್ಲೈ ಮಾಡ್ತಿದೀನಿ. ಜಾಬ್ ಹೇಗಿರುತ್ತೆ?" ಎಂದು ಕೇಳಿದಳು.

"ಚೆನ್ನಾಗಿರುತ್ತಮ್ಮ" ಅಂದೆ. ಬಿರಿಯಾನಿ ತಣ್ಣಗಾಗುತ್ತಿತ್ತು, ಮಾತು ಬೆಳೆಸುವ ಶಕ್ತಿಯೂ ಇರಲಿಲ್ಲ. ಮನೆಗೆ ಬಂದ ಮೇಲೆ ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ ಅನ್ನಿಸಿತು. ಅವಳಿಗೂ ಅವಳಂಥವರಿಗೂ ಅಂತ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ಅಬ್ಬಾ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ನಿಕಾಹ್, ನಾಮಕರಣ, ಗಣೇಶನ ಪೆಂಡಾಲು, ಚುನಾವಣೆ ಭಾಷಣ, ಎಲ್ಲದಕ್ಕೂ ನಮ್ಮದೇ ಆಂಪ್ಲಿಫೈಯರ್, ನಮ್ಮದೇ ಹಾರ್ನ್. ಸದ್ದು ಜೋರಾಗಿದ್ದರೆ ಜನ ಖುಷಿ, ಕೀಚಲು ಬಂದರೆ ಬೈಗುಳ. ಅಲ್ಲಿ ಕಲಿತದ್ದು ಅಷ್ಟೇ. ಅಕ್ಕನ ಗಂಡ ನ್ಯೂಯಾರ್ಕ್ ಹತ್ತಿರದ ಜೆರಿಕೋದಲ್ಲಿ ಇದ್ದರು, ಅವರ ಮನೆಗೆ ಬಂದಿಳಿದು, ಮ್ಯಾನ್‌ಹಟನ್‌ನ ಒಂದು ಸಣ್ಣ ಸ್ಟುಡಿಯೋದಲ್ಲಿ ಕೇಬಲ್ ಸುತ್ತುವ ಕೆಲಸಕ್ಕೆ ಸೇರಿದೆ. ಕೇಬಲ್ ಸುತ್ತುವುದನ್ನು ಹಗುರವಾಗಿ ನೋಡಬೇಡಿ. ತಪ್ಪಾಗಿ ಸುತ್ತಿದ ಕೇಬಲ್ ಒಳಗೇ ಮುರಿಯುತ್ತದೆ, ಎಲ್ಲಿ ಮುರಿಯಿತು ಅಂತ ಹುಡುಕಲು ಅರ್ಧ ದಿನ ಹೋಗುತ್ತದೆ.

ಮೊದಲ ದೊಡ್ಡ ಎಡವಟ್ಟು ಬ್ಯಾಸ್ಕೆಟ್‌ಬಾಲ್ ಆಟವೊಂದರಲ್ಲಿ ಆಯಿತು. ರಾಷ್ಟ್ರಗೀತೆ ಹಾಡುವ ಹೆಂಗಸಿನ ಮೈಕಿಗೆ ಹೊಸ ಬ್ಯಾಟರಿ ಹಾಕುವುದನ್ನು ಮರೆತಿದ್ದೆ. ಎರಡನೆಯ ಸಾಲಿಗೆ ಮೈಕ್ ಸತ್ತಿತು. ಪಾಪ, ಆಕೆ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದರು, ಇಡೀ ದೇಶ ಅವರ ಬಾಯಿ ಆಡುವುದನ್ನು ಮಾತ್ರ ನೋಡಿತು. ಕೆಲಸ ಹೋಯಿತು ಅಂದುಕೊಂಡೆ. ನನ್ನ ಮೇಲಿದ್ದವರು ವಾಲ್ಟರ್ ಎಂಬ ಮುದುಕರು. ಅವರು ಕೂಗಾಡಲಿಲ್ಲ. ಮಾರನೆಯ ದಿನ ಒಂದು ಪೆಟ್ಟಿಗೆ ಬ್ಯಾಟರಿ ತಂದು ನನ್ನ ಮಡಿಲಿಗೆ ಇಟ್ಟು, "ಇನ್ನು ಮೇಲೆ ನಿನ್ನ ಊಟಕ್ಕಿಂತ ಮೊದಲು ಇದಕ್ಕೆ ಊಟ" ಅಂದರು.

ಅವರು ಕಲಿಸಿದ ಇನ್ನೊಂದು ವಿಷಯ ನನ್ನ ಜೊತೆ ಬಹಳ ಕಾಲ ಉಳಿಯಿತು. ಆಟಗಾರರ ಮೈಮೇಲೆ ಮೈಕ್ ಹಾಕಿದಾಗ ಟಿವಿ ನೋಡುವವರಿಗೆ ಕೇಳಿಸುವುದು ಒಂದು ಚೂರು. ನಮ್ಮ ಹೆಡ್‌ಫೋನಿಗೆ ಬರುವುದು ಎಲ್ಲ: ಬೈಗುಳ, ಪ್ರಾರ್ಥನೆ, ಹೆಂಡತಿಯ ಬಗ್ಗೆ ದೂರು, ಮೊಣಕಾಲು ನೋವು. "ನಿನಗೆ ಕೇಳಿಸಿದ್ದು ಟ್ರಕ್ಕಿನ ಮೆಟ್ಟಿಲು ಇಳಿಯಬಾರದು" ಎನ್ನುತ್ತಿದ್ದರು ವಾಲ್ಟರ್. ಟ್ರಕ್ ಅಂದರೆ ಕ್ರೀಡಾಂಗಣದ ಹಿಂದೆ ನಿಲ್ಲಿಸಿದ ಪ್ರಸಾರದ ವಾಹನ. ಅದರೊಳಗೆ ಕತ್ತಲಲ್ಲಿ ನಾವೆಲ್ಲ ಸಾಲಾಗಿ ಕೂತು ಕೆಲಸ ಮಾಡುತ್ತೇವೆ. ಮುಂದೆ ಇದೇ ಮಾತನ್ನು ಕಂಪನಿಗಳು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳತೊಡಗಿದವು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಮೈದಾನದ ಸುತ್ತ ಕೇಬಲ್ ಎಳೆದೂ ಎಳೆದೂ ಬೆನ್ನು ಹೋಯಿತು. ಆಮೇಲೆ ವೈರ್‌ಲೆಸ್ ಬಂತು, ಬೆನ್ನು ಉಳಿಯಿತು, ನಿದ್ದೆ ಹೋಯಿತು. ಯಾವ ಟ್ಯಾಕ್ಸಿಯವನ ರೇಡಿಯೊ ಯಾವಾಗ ನಮ್ಮ ಮೈಕಿನೊಳಗೆ ನುಗ್ಗುತ್ತದೋ ಎಂಬ ಭಯ. ಈಗಂತೂ ಆಟ ಒಂದು ಊರಲ್ಲಿ, ಸೌಂಡ್ ಮಾಡುವವನು ಇನ್ನೊಂದು ಊರಲ್ಲಿ. ಆಟಗಾರನ ಮುಖ ನೋಡದೆಯೇ ಕೆಲಸ ಮುಗಿಯುತ್ತದೆ. ಒಂದು ಲೆಕ್ಕಕ್ಕೆ ಅದೇ ವಾಸಿ ಎಂದು ನನಗೆ ಅನ್ನಿಸುವುದುಂಟು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮನೆಯ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ದಿನವಿಡೀ ಬೇರೆಯವರ ಮಾತು ಕೇಳಿ ಬಂದವನಿಗೆ ಮನೆಯವರ ಮಾತು ಕೇಳುವ ತ್ರಾಣ ಇರುವುದಿಲ್ಲ. ಊಟದ ಹೊತ್ತಿಗೆ ನಾನು ತಲೆ ಆಡಿಸುತ್ತಾ ಕೂತಿರುತ್ತಿದ್ದೆ. "ಅಬ್ಬಾ, ಯು ಆರ್ ನಾಟ್ ಲಿಸನಿಂಗ್" ಎನ್ನುತ್ತಿದ್ದಳು ಮಗಳು. ನನ್ನ ಹೆಂಡತಿ ನಸೀಮಾ ಅದನ್ನೂ ಹೇಳುವುದು ಬಿಟ್ಟಿದ್ದಳು. ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದುಕೊಂಡು ಬರುವುದು ಒಳ್ಳೆಯದು.

ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದ ಮೇಲೆ ಬಂದ ಚಳಿಗಾಲ ಅದು. ನಮ್ಮ ಬೀದಿಯಲ್ಲೇ ಮೂರು ಮನೆಗಳ ಮುಂದೆ ಮಾರಾಟದ ಫಲಕ. ಜಾಹೀರಾತು ನಿಂತಿದ್ದರಿಂದ ಪ್ರಸಾರದ ಕಂಪನಿಗಳು ಸಣ್ಣ ಆಟಗಳನ್ನು ಕೈಬಿಟ್ಟಿದ್ದವು. ವಾರಗಟ್ಟಲೆ ಫೋನೇ ಬರುತ್ತಿರಲಿಲ್ಲ. ಆಗ ನ್ಯೂಜೆರ್ಸಿಯ ಒಂದು ಐಸ್ ಅರೆನಾದಲ್ಲಿ ದೇಶಮಟ್ಟದ ಪುರುಷರ ಕರ್ಲಿಂಗ್ ಚಾಂಪಿಯನ್‌ಷಿಪ್‌ಗೆ ಕರೆದರು. ನಾಲ್ಕು ಜನ ಮಾಡುವ ಸೌಂಡ್ ಕೆಲಸಕ್ಕೆ ನಾನೊಬ್ಬನೇ. ಆಟಗಾರರಿಗೆ ಮೈಕ್ ಸಿಕ್ಕಿಸುವುದೂ ನಾನೇ, ಟ್ರಕ್ಕಿನಲ್ಲಿ ಕೂತು ಎಲ್ಲ ಸದ್ದನ್ನೂ ಹದವಾಗಿ ಬೆರೆಸಿ ಮಿಕ್ಸ್ ಮಾಡುವುದೂ ನಾನೇ. ಒಪ್ಪಿಕೊಂಡೆ.

ಕರ್ಲಿಂಗ್ ನೋಡದವರಿಗೆ ಸ್ವಲ್ಪ ಹೇಳಬೇಕು. ಉದ್ದನೆಯ ಐಸ್ ಅಂಗಳ. ಆ ತುದಿಯಲ್ಲಿ ಬಣ್ಣದ ವೃತ್ತಗಳು. ಈ ತುದಿಯಿಂದ ಆಟಗಾರ ಮೊಣಕಾಲೂರಿ ಜಾರುತ್ತಾ, ಮೇಲೊಂದು ಹಿಡಿಕೆ ಇರುವ ದುಂಡನೆಯ ಭಾರದ ಕಲ್ಲನ್ನು ಬಿಡುತ್ತಾನೆ. ಅವನ ತಂಡದ ಇಬ್ಬರು ಬ್ರಷ್ ಹಿಡಿದು, ಕಲ್ಲಿನ ಮುಂದೆ ಮುಂದೆ ಐಸ್ ಉಜ್ಜುತ್ತಾ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ಮುಂದೆ ಹೋಗುತ್ತದೆ. ವೃತ್ತದ ನಡುವಿಗೆ ಹತ್ತಿರ ಯಾರ ಕಲ್ಲು ನಿಂತಿತೋ ಅವರಿಗೆ ಅಂಕ. ಕಲ್ಲು ಬಿಡುವ ತನ್ನ ಸರದಿ ಬರುವ ತನಕ ಕ್ಯಾಪ್ಟನ್ ಆ ತುದಿಯಲ್ಲಿ ನಿಂತು ಕೂಗಿ ಹೇಳುತ್ತಿರುತ್ತಾನೆ. ಕಲ್ಲು ಐಸ್ ಮೇಲೆ ಬರುವ ಸದ್ದು ಬರಿಯ ನೆಲದ ಮೇಲೆ ರುಬ್ಬುಗಲ್ಲು ಎಳೆದ ಹಾಗೆ ಗುಡುಗುತ್ತದೆ. ಇದನ್ನು ಆಡುವವರು ಹೆಚ್ಚಾಗಿ ಬೇರೆ ಕೆಲಸ ಇಟ್ಟುಕೊಂಡವರು, ರಜೆ ಹಾಕಿ ಬಂದವರು.

ಮೈಕ್‌ಗಳೂ ಕಡಿಮೆ ಇದ್ದವು. ತಂಡಕ್ಕೆ ಎರಡೇ: ಒಂದು ಕ್ಯಾಪ್ಟನ್ನಿಗೆ, ಒಂದು ಉಜ್ಜುವವರಲ್ಲಿ ಒಬ್ಬನಿಗೆ.

ನ್ಯೂಯಾರ್ಕ್ ರಾಜ್ಯದ ಉತ್ತರದ ಒಂದು ಊರಿನ ತಂಡವಿತ್ತು. ನಾಲ್ಕೂ ಜನ ಕಿಟಕಿ ಚೌಕಟ್ಟು ಮಾಡುವ ಒಂದೇ ಕಾರ್ಖಾನೆಯವರು. ಕ್ಯಾಪ್ಟನ್ ಕಾರ್ಲ್ ಅಲ್ಲಿನ ಮ್ಯಾನೇಜರು, ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಉಜ್ಜುವವನು ಗ್ಯಾರಿ, ಅದೇ ಕಾರ್ಖಾನೆಯಲ್ಲಿ ಮಷಿನ್ ನೋಡಿಕೊಳ್ಳುವವನು, ಅಗಲ ಭುಜದ ಮಾತುಗಾರ. ಕಾರ್ಲ್‌ನ ವ್ಯಾನಿನಲ್ಲಿ ಎಲ್ಲರೂ ಒಟ್ಟಿಗೆ ಬಂದಿದ್ದರು. ಬೆಳಗ್ಗೆ ಕಾಲರ್ ಒಳಗೆ ಮೈಕ್ ಸಿಕ್ಕಿಸುವಾಗ ಗ್ಯಾರಿ ಸುಮ್ಮನೆ ನಿಲ್ಲುತ್ತಿರಲಿಲ್ಲ. "ಖಾದರ್, ನಿಮ್ಮೂರಲ್ಲಿ ಐಸ್ ಇದೆಯಾ?" ಎಂದು ಕೇಳಿದ. "ಕಬ್ಬಿನ ಹಾಲಿಗೆ ಹಾಕುತ್ತಾರೆ" ಅಂದೆ. ಅದನ್ನು ತಂಡದವರಿಗೆಲ್ಲ ಹೇಳಿ ನಗಿಸಿದ.

ಟ್ರಕ್ಕಿನಲ್ಲಿ ನನ್ನ ಪಕ್ಕದ ಕುರ್ಚಿ ಗಿರಿಜಾಳದು. ಧಾರವಾಡದ ಹುಡುಗಿ, ರೀಪ್ಲೇ ನೋಡಿಕೊಳ್ಳುತ್ತಿದ್ದಳು, ಅಂದರೆ ಮುಗಿದ ಆಟದ ಒಳ್ಳೆಯ ಚೂರುಗಳನ್ನು ತಕ್ಷಣ ಹುಡುಕಿ ಮತ್ತೆ ತೋರಿಸುವ ಕೆಲಸ. ಅವಳಿಗೂ ಹೆಡ್‌ಫೋನಿನಲ್ಲಿ ಆಟಗಾರರ ಮಾತು ಬರುತ್ತಿತ್ತು. ಅವಳು ಈ ದೇಶದಲ್ಲಿ ಇರುವುದೇ ಈ ಕೆಲಸದ ವೀಸಾದ ಮೇಲೆ. ನಾವಿಬ್ಬರೂ ಮೆಲ್ಲಗೆ ಕನ್ನಡದಲ್ಲಿ ಮಾತಾಡಿದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನದ ಆಟ. ಎದುರಾಳಿಗಳು ಕಲ್ಲು ಬಿಡುವ ಸರದಿ. ಆಗ ಕಾರ್ಲ್ ಮತ್ತು ಅವನ ಉಪನಾಯಕ ವೃತ್ತದ ಹಿಂದೆ ನಿಂತಿದ್ದರು. ಗ್ಯಾರಿ ದೂರದಲ್ಲಿ, ಈ ತುದಿಯಲ್ಲಿ. ಕಾಮೆಂಟರಿಯವರು ಮಾತಾಡುತ್ತಿದ್ದರಿಂದ ನಾನು ಆಟಗಾರರ ಮೈಕ್‌ಗಳ ಸದ್ದು ಇಳಿಸಿದ್ದೆ. ಪ್ರಸಾರಕ್ಕೆ ಏನೂ ಹೋಗುತ್ತಿರಲಿಲ್ಲ. ಆದರೆ ನಮ್ಮ ಹೆಡ್‌ಫೋನಿನಲ್ಲಿ ಕಾರ್ಲ್‌ನ ದನಿ ಸ್ಪಷ್ಟವಾಗಿತ್ತು.

"ಸೋಮವಾರ ಗ್ಯಾರಿಯನ್ನು ಕೆಲಸದಿಂದ ತೆಗೀಬೇಕು. ಫ್ಯಾಕ್ಟರಿಗೆ ಆರ್ಡರ್ ಬರ್ತಿಲ್ಲ, ಮೇಲಿನವರು ಹೆಸರು ಕಳಿಸಿದ್ದಾರೆ."

ಉಪನಾಯಕ ಕೇಳಿದ, "ಅವನಿಗೆ ಗೊತ್ತಾ?"

"ಇಲ್ಲ. ಇದೊಂದು ಟೂರ್ನಮೆಂಟ್ ಆಡಿಕೊಳ್ಳಲಿ."

ಅಷ್ಟರಲ್ಲಿ ಕಲ್ಲು ಬಂತು. ಇಬ್ಬರೂ ಅದರ ಕಡೆ ತಿರುಗಿದರು.

ಗಿರಿಜಾ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಸರ್, ನೀವೂ ಕೇಳಿದ್ರೇನು?"

"ಹೂಂ."

"ಎಂಥಾ ಮಾತು ಬಿತ್ರೀ ಕಿವಿಗೆ. ಅವಂಗ ಗೊತ್ತಿಲ್ಲಂತ."

"ಸುಮ್ಮನಿರಮ್ಮ. ಸೈನ್ ಹಾಕಿದೀವಿ."

"ಹೌದ್ರಿ. ನಾ ಬಾಯಿ ಬಿಟ್ರ ಈ ಕೆಲಸಾ ಹೋಗ್ತದ, ವೀಸಾನೂ ಹೋಗ್ತದ. ನಾ ಏನೂ ಕೇಳೇ ಇಲ್ಲ."

ಆ ದಿನ ಅಲ್ಲಿಗೆ ಮುಗಿಯಿತು. ಎಷ್ಟೋ ಕೇಳಿದ್ದೇವೆ, ಇದೂ ಒಂದು ಅಂತ ನನಗೆ ನಾನೇ ಹೇಳಿಕೊಂಡು ಟರ್ನ್‌ಪೈಕ್ ಹೆದ್ದಾರಿ ಹಿಡಿದು ಮನೆಗೆ ಹೋದೆ. ಆ ಚಳಿಗಾಲದಲ್ಲಿ ಕೆಲಸ ಕಳೆದುಕೊಳ್ಳುವವರ ಸುದ್ದಿ ಹೊಸದೇನೂ ಆಗಿರಲಿಲ್ಲ. ನನ್ನ ಭಾವನನ್ನೇ ಮ್ಯಾನ್‌ಹಟನ್‌ನ ಬ್ಯಾಂಕಿನವರು ಒಂದು ರಟ್ಟಿನ ಪೆಟ್ಟಿಗೆ ಕೈಗೆ ಕೊಟ್ಟು ಕಳಿಸಿದ್ದರು.

ಶುಕ್ರವಾರ ಬೆಳಗ್ಗೆ ಗ್ಯಾರಿ ಮೈಕ್ ಹಾಕಿಸಿಕೊಳ್ಳಲು ಬಂದ. ಎಂದಿನ ಹಾಗೆ ತಮಾಷೆ ಮಾಡಲಿಲ್ಲ. ನಾನು ತಂತಿಯನ್ನು ಅಂಗಿಯ ಒಳಗಿನಿಂದ ಎಳೆಯುತ್ತಿದ್ದಾಗ, "ನೀನು ಊರು ಬಿಟ್ಟು ಬಂದವನಲ್ಲವಾ, ಒಂದು ಮಾತು ಕೇಳಲಾ?" ಅಂದ.

"ಕೇಳು."

"ಒಹಾಯೋದಲ್ಲಿ ಒಂದು ಆಸ್ಪತ್ರೆಯವರು ಕೆಲಸ ಕೊಡುತ್ತೇವೆ ಅಂದಿದ್ದಾರೆ. ಕಟ್ಟಡದ ಬಾಯ್ಲರ್, ಲಿಫ್ಟ್ ನೋಡಿಕೊಳ್ಳೋದು. ಇವತ್ತು ಅವರ ಆಫೀಸ್ ಮುಚ್ಚುವುದರೊಳಗೆ ಉತ್ತರ ಹೇಳಬೇಕು. ಹೆಂಡತಿ ಹೋಗೋಣ ಅನ್ನುತ್ತಾಳೆ. ನಾನು ಬೇಡ ಅಂತ ಹೇಳಿಬಿಡುತ್ತೇನೆ ಅಂತಿದ್ದೇನೆ."

"ಯಾಕೆ?"

"ಕಾರ್ಲ್ ಜೊತೆ ಹತ್ತೊಂಬತ್ತನೇ ವಯಸ್ಸಿನಿಂದ ಆಡುತ್ತಿದ್ದೇನೆ. ಫ್ಯಾಕ್ಟರಿಗೆ ಸೇರಿಸಿದವನೂ ಅವನೇ. ಈ ತಂಡ ಬಿಟ್ಟು ಹೋದರೆ ಆಮೇಲೆ ನಾನು ಏನು?"

ನನ್ನ ಕೈ ಅವನ ಕಾಲರಿನ ಮೇಲೇ ಇತ್ತು. "ಇನ್ನೂ ಹೊತ್ತಿದೆ, ಆತುರ ಪಡಬೇಡ" ಅಂದೆ. ಅವನು ನನ್ನ ಭುಜ ತಟ್ಟಿ ಐಸ್ ಮೇಲೆ ಹೋದ.

ಆ ಬೆಳಗಿನ ಆಟವನ್ನು ಹೇಗೆ ಮಿಕ್ಸ್ ಮಾಡಿದೆನೋ ತಿಳಿಯದು. ಕೈಗಳು ರೂಢಿಯ ಮೇಲೆ ಓಡಾಡಿದವು. ಗ್ಯಾರಿ ಉಜ್ಜುವಾಗ ಬಿಡುವ ಉಸಿರು ಕಿವಿಯಲ್ಲಿ, ಜೋರಾಗಿ ಉಜ್ಜಲು ಅವನಿಗೆ "ಹಾರ್ಡ್, ಹಾರ್ಡ್" ಎಂದು ಕೂಗುವ ಕಾರ್ಲ್‌ನ ದನಿ ಕಿವಿಯಲ್ಲಿ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡೂ ಗೊತ್ತಿರುವವನು ನಾನೊಬ್ಬ. ಜಾಹೀರಾತು ಬಂದಾಗ ಗಿರಿಜಾಗೆ ಒಹಾಯೋ ವಿಷಯ ಹೇಳಿದೆ.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ಬ್ಯಾಡ ಅಂತ ಹೇಳ್ತಾನಂತ?"

"ಹೇಳೇ ಬಿಡ್ತಾನೆ. ಇವತ್ತೇ."

"ಅಯ್ಯ ದೇವರ... ಮತ್ತ ನೀವು ಏನ್ಮಾಡ್ತೀರಿ?"

"ಇಷ್ಟು ವರ್ಷದಲ್ಲಿ ಒಂದು ಮಾತೂ ಹೊರಗೆ ಹಾಕಿಲ್ಲ ನಾನು, ಗಿರಿಜಾ."

ಅವಳು ಸ್ವಲ್ಪ ಯೋಚಿಸಿದಳು. "ಗ್ಯಾರಿಗೆ ಹೇಳಬ್ಯಾಡ್ರಿ. ಅದು ನಮ್ಮ ಮಾತಲ್ಲ. ಕಾರ್ಲ್‌ಗ ಹೇಳ್ರಿ. ಅವನ ಬಾಯಿಂದ ಬಿದ್ದ ಮಾತು, ಅವಂಗ ತಿರುಗಿ ಕೊಡ್ರಿ. ಆಮ್ಯಾಲೆ ಅವನ ಮನಸ್ಸು." ಆಮೇಲೆ ದನಿ ಇನ್ನೂ ತಗ್ಗಿಸಿ, "ನನ್ನ ಹೆಸರು ಮಾತ್ರ ತರಬ್ಯಾಡ್ರಿ, ಸರ್" ಅಂದಳು.

ಬೆಳಗಿನ ಆಟವನ್ನು ಅವರು ಗೆದ್ದರು. ಮಧ್ಯಾಹ್ನದ್ದನ್ನೂ ಗೆದ್ದರೆ ಸೆಮಿಫೈನಲ್. ನಾನು ಎಲ್ಲರ ಮೈಕ್ ಬಿಚ್ಚಿಕೊಂಡೆ. ಉಳಿದವರು ಊಟಕ್ಕೆ ಹೋದ ಮೇಲೆ ಕಾರ್ಲ್ ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಹತ್ತಿರ ಹೋಗಿ ನಿಂತೆ.

"ಕಾರ್ಲ್, ನಿನ್ನೆ ನೀನು ಸೋಮವಾರದ ವಿಷಯ ಮಾತಾಡಿದ್ದು ನನಗೆ ಕೇಳಿಸಿತು. ಟಿವಿಗೆ ಹೋಗಿಲ್ಲ."

ಅವನ ಕೈ ಲೇಸಿನ ಮೇಲೆ ನಿಂತಿತು. ಕತ್ತು ಕೆಂಪಾಯಿತು. "ಅದು ನಿನಗೆ ಸಂಬಂಧಪಟ್ಟ ವಿಷಯವಲ್ಲ."

"ಅಲ್ಲ. ಆದರೆ ಗ್ಯಾರಿಗೆ ಒಹಾಯೋದಲ್ಲಿ ಒಂದು ಕೆಲಸ ಸಿಕ್ಕಿದೆ. ಇವತ್ತು ಬೇಡ ಅಂತ ಹೇಳಲು ಹೊರಟಿದ್ದಾನೆ, ನಿನ್ನ ತಂಡ ಬಿಡಬಾರದು ಅಂತ."

ಕಾರ್ಲ್ ತಲೆ ಎತ್ತಿ ನೋಡಿದ. ಅದು ಅವನಿಗೆ ಗೊತ್ತಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಬಿಚ್ಚಿದ ಶೂ ಪಕ್ಕಕ್ಕಿಟ್ಟು, "ನಾನು ಮೊದಲೇ ಬಾಯಿ ಬಿಟ್ಟೆ ಅಂತ ಗೊತ್ತಾದರೆ ನನ್ನನ್ನೂ ಇಟ್ಟುಕೊಳ್ಳುವುದಿಲ್ಲ" ಅಂದ.

"ಇರಬಹುದು. ನನಗೆ ಕೇಳಿಸಿದ್ದನ್ನು ನಿನಗೆ ಹೇಳಿದೆ. ಬೇರೆ ಯಾರಿಗೂ ಹೇಳುವುದಿಲ್ಲ."

"ಒಂದು ದಿನ ತಡೆದು ಹೇಳಬಹುದಿತ್ತಲ್ಲ ನೀನು" ಅಂದ. ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಾದವನ ದನಿ ಅದು. ನನ್ನ ದನಿಯೂ ಹಾಗೇ ಇದ್ದಿರಬೇಕು. ಮೈಕ್‌ಗಳ ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟೆ.

ಕಾರ್ಲ್ ಹೇಗೆ ಹೇಳಿದನೋ ನನಗೆ ಗೊತ್ತಿಲ್ಲ. ಕೋಲ್ಡ್ ಡ್ರಿಂಕ್ ಮಷಿನ್ ಪಕ್ಕದಲ್ಲಿ ಇಬ್ಬರೂ ನಿಂತಿದ್ದನ್ನು ದೂರದಿಂದ ಕಂಡೆ. ಕಾರ್ಲ್ ನೆಲ ನೋಡಿಕೊಂಡು ಮಾತಾಡುತ್ತಿದ್ದ. ಗ್ಯಾರಿ ಬ್ರಷ್ಷಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದ. ಆಮೇಲೆ ಬ್ರಷ್ಷನ್ನು ಗೋಡೆಗೆ ಒರಗಿಸಿ, ಜಾಕೆಟ್ ಕೂಡ ಹಾಕಿಕೊಳ್ಳದೆ ಪಾರ್ಕಿಂಗ್ ಕಡೆಗೆ ನಡೆದ. ಹೊರಗೆ ಹಿಮ ಬೀಳುತ್ತಿತ್ತು. ಗಾಜಿನ ಬಾಗಿಲಾಚೆ ಅವನು ಫೋನ್ ಕಿವಿಗೆ ಇಟ್ಟುಕೊಂಡು ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು. ಒಳಗೆ ಬಂದು ಯಾರ ಮುಖವನ್ನೂ ನೋಡದೆ ಮೈಕ್ ಹಾಕಿಸಿಕೊಳ್ಳಲು ನಿಂತ. "ಕೆಲಸ ಇನ್ನೂ ಇತ್ತು. ಹೂಂ ಅಂದೆ" ಎಂದಷ್ಟೇ ಹೇಳಿದ. ಅವನ ಅಂಗಿ ಹಿಮಕ್ಕೆ ನೆನೆದಿತ್ತು. ಮೈಕಿಗೆ ತೇವ ತಾಗಬಾರದೆಂದು ಬಟ್ಟೆಯಿಂದ ಕಾಲರ್ ಒರೆಸಿದೆ. ಅವನು ಮಗುವಿನ ಹಾಗೆ ನಿಂತಿದ್ದ.

ಮಧ್ಯಾಹ್ನದ ಆಟದಲ್ಲಿ ಆ ತಂಡದಲ್ಲಿ ಮೈಕ್ ಹಾಕಿಕೊಂಡಿದ್ದ ಇಬ್ಬರೂ ಮಾತಾಡಲಿಲ್ಲ. ಕಾರ್ಲ್ ಕೈ ಸನ್ನೆಯಲ್ಲೇ ಎಲ್ಲ ಹೇಳಿದ. ಗ್ಯಾರಿ ಹೇಳಿದಲ್ಲಿ ಉಜ್ಜಿದ, ಮುಗಿದ ಮೇಲೆ ಅಂಚಿಗೆ ಹೋಗಿ ನಿಂತ. ಪ್ರಸಾರದ ನಿರ್ದೇಶಕ ನನ್ನ ಹೆಡ್‌ಫೋನಿನಲ್ಲಿ ರೇಗಿದ, "ಖಾದರ್, ಆ ಮೈಕ್‌ಗಳಿಗೆ ಏನಾಗಿದೆ?"

"ಮೈಕ್ ಸರಿ ಇವೆ. ಅವರು ಮಾತಾಡುತ್ತಿಲ್ಲ."

"ಹಾಗಾದರೆ ಎದುರು ತಂಡದವರ ಮಾತು ಕೊಡು."

ಕೊಟ್ಟೆ. ಗಿರಿಜಾ ನನ್ನ ಕಡೆ ಒಮ್ಮೆ ನೋಡಿ ಪರದೆಗೆ ತಿರುಗಿದಳು.

ಕೊನೆಯ ಸುತ್ತಿನ ಕೊನೆಯ ಕಲ್ಲು ಕಾರ್ಲ್‌ನದು. ವೃತ್ತದ ನಡುವೆ ನಿಲ್ಲಿಸಿದರೆ ಗೆಲುವು. ಅವನು ಮೊಣಕಾಲೂರಿ ಜಾರಿ ಕಲ್ಲು ಬಿಟ್ಟ. ಬಿಟ್ಟ ತಕ್ಷಣ ಅದಕ್ಕೆ ವೇಗ ಸಾಲದು ಎಂದು ಅವನಿಗೇ ಗೊತ್ತಾಗಿರಬೇಕು. ಇಡೀ ಆಟದಲ್ಲಿ ಬಾಯಿ ತೆರೆಯದವನು ಆಗ ಕೂಗಿದ, "ಗ್ಯಾರಿ, ಗ್ಯಾರಿ, ಗ್ಯಾರಿ". ನಾನು ಎರಡೂ ಮೈಕ್ ಪೂರ್ತಿ ಏರಿಸಿದೆ. ಗ್ಯಾರಿ ಬ್ರಷ್ಷಿನ ಮೇಲೆ ಮೈಯೆಲ್ಲ ಭಾರ ಹಾಕಿ ಉಜ್ಜಿದ. ಉಸಿರು ನರಳಿಕೆಯಾಗಿ, ನರಳಿಕೆ ಅಳುವಿನಂತಾಗಿ ಬರುತ್ತಿತ್ತು. ಕಲ್ಲು ಮೆಲ್ಲಗೆ, ಇನ್ನೂ ಮೆಲ್ಲಗೆ ಬಂದು, ಬೇಕಾದ ಜಾಗಕ್ಕೆ ಒಂದು ಗೇಣು ಹಿಂದೆಯೇ ನಿಂತಿತು. ಗ್ಯಾರಿ ಐಸ್ ಮೇಲೆ ಮಂಡಿಯೂರಿ ಕೂತುಬಿಟ್ಟ. ಕಾರ್ಲ್ ಕಲ್ಲು ಬಿಟ್ಟ ತುದಿಯಿಂದ ನಡೆದು ಬಂದು ಅವನ ಪಕ್ಕ ನಿಂತ. ಇಬ್ಬರ ಮೈಕಿನಲ್ಲೂ ಉಸಿರು ಬಿಟ್ಟು ಬೇರೇನೂ ಕೇಳಲಿಲ್ಲ. ನಾನು ಎರಡನ್ನೂ ಇಳಿಸಿದೆ.

ಮೈಕ್ ವಾಪಸ್ ಕೊಡಲು ಗ್ಯಾರಿ ಎಲ್ಲರಿಗಿಂತ ಕೊನೆಗೆ ಬಂದ. ತಾನೇ ಬಿಚ್ಚಿ ನನ್ನ ಕೈಗಿಟ್ಟ.

"ಬೆಳಗ್ಗೆ ನಾನು ನಿನ್ನನ್ನು ಕೇಳಿದಾಗ ನಿನಗೆ ಗೊತ್ತಿತ್ತಲ್ಲವಾ?"

"ಗೊತ್ತಿತ್ತು."

"ಕಾರ್ಲ್ ಹೇಳಿದ, ನೀನು ಬಂದು ಹೇಳಿದೆ ಅಂತ." ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಾ, "ನಿನಗೆ ಥ್ಯಾಂಕ್ಸ್ ಹೇಳಬೇಕು. ಇವತ್ತು ಆಗುತ್ತಿಲ್ಲ" ಅಂದ.

"ಬೇಡ ಬಿಡು" ಅಂದೆ.

ಕೆಲಸಕ್ಕೆ ಹೊಸದಾಗಿ ಬರುವವರು ಕೇಳಬಹುದು, ನೀವು ಮಾಡಿದ್ದು ಸರಿಯೋ ತಪ್ಪೋ ಎಂದು. ನಾನು ಸಹಿ ಹಾಕಿದ್ದ ಕಾಗದದ ಪ್ರಕಾರ ತಪ್ಪು. ವಾಲ್ಟರ್ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ ಗೊತ್ತಿಲ್ಲ. ಅದಾದ ಮೇಲೂ ಬಹಳ ವರ್ಷ ದುಡಿದೆ, ಬಹಳ ಮಾತು ಕಿವಿಗೆ ಬಿತ್ತು, ಮತ್ತೆಂದೂ ಯಾವುದನ್ನೂ ಹೊರಗೆ ಒಯ್ಯಲಿಲ್ಲ. ಅಂಥ ಸಂದರ್ಭ ಬರಲಿಲ್ಲವೋ ನನಗೇ ಶಕ್ತಿ ಉಳಿದಿರಲಿಲ್ಲವೋ ಹೇಳಲಾರೆ. ಗಿರಿಜಾ ಆ ಬೇಸಿಗೆಯಲ್ಲಿ ಬೇರೆ ಕಂಪನಿ ಸೇರಿದಳು, ಈದ್‌ಗೆ ತಪ್ಪದೆ ಫೋನ್ ಮಾಡುತ್ತಾಳೆ. ಆ ಶುಕ್ರವಾರದ ವಿಷಯ ನಾವು ಮಾತಾಡುವುದಿಲ್ಲ.

ಆ ದಿನ ಸಾಮಾನು ಕಟ್ಟಿ ಟ್ರಕ್ಕಿನ ಮೆಟ್ಟಿಲ ಮೇಲೆ ನಿಂತಾಗ ಹೊತ್ತು ಇಳಿಯುತ್ತಿತ್ತು. ಪಾರ್ಕಿಂಗಿನ ಆ ಮೂಲೆಯಲ್ಲಿ ಕಾರ್ಲ್ ವ್ಯಾನಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ. ಇನ್ನಿಬ್ಬರು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಗ್ಯಾರಿ ಬ್ಯಾಗು ಹಿಡಿದು ಬಂದು, ಅವರ ಜೊತೆ ಕೂರಲು ಹಿಂದಿನ ಬಾಗಿಲು ಎಳೆದ. ಬ್ಯಾಗನ್ನು ಮಾತ್ರ ಒಳಗೆ ಹಾಕಿ ಬಾಗಿಲು ಮುಚ್ಚಿದ. ಕಾರ್ಲ್‌ನ ಕೈಯಿಂದ ಹಿಮ ಕೆರೆಯುವ ಪಟ್ಟಿ ತೆಗೆದುಕೊಂಡು ತನ್ನ ಕಡೆಯ ಗಾಜನ್ನು ತಾನೇ ಕೆರೆದ. ಆಮೇಲೆ ಮುಂದಿನ ಸೀಟಿನಲ್ಲಿ ಕಾರ್ಲ್‌ನ ಪಕ್ಕ ಹೋಗಿ ಕೂತ. ಕಾರ್ಲ್ ಅವನ ಕಡೆ ತಿರುಗಿ ಏನೋ ಹೇಳಿದ. ಗ್ಯಾರಿಯೂ ಏನೋ ಹೇಳಿದ. ವ್ಯಾನು ಹೊರಟಿತು. ಅವರೂರು ಬಹಳ ದೂರ. ಇಬ್ಬರ ಮೈಕ್‌ಗಳೂ ಬ್ಯಾಟರಿ ತೆಗೆದು ನನ್ನ ಪೆಟ್ಟಿಗೆಯಲ್ಲಿದ್ದವು.